ಗೂಟಕ್ಕೆ ಕಟ್ಟಿದ ಬಸವ



ಕಾರಹುಣ್ಣಿಮೆಯ ದಿನ ನಮ್ಮ ಸೀಮೆಯ ಯಾವ ಊರಿಗೆ ಹೋದರೂ ಕಾಣುವ ನೋಟ ಒಂದೇ. ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈತೊಳೆದ ಎತ್ತುಗಳು, ಹೆರೆದು ಬಣ್ಣ ಬಳಿದ ಕೋಡುಗಳು, ಕೊರಳಲ್ಲಿ ಗೆಜ್ಜೆಸರ, ಬೆನ್ನ ಮೇಲೆ ಜೂಲ, ಹಣೆಯಲ್ಲಿ ವಿಭೂತಿ. ಮನೆಯೊಡತಿಯು ಆರತಿ ಬೆಳಗಿ, ಹೋಳಿಗೆಯನ್ನು ತನ್ನ ಮಕ್ಕಳಿಗಿಂತ ಮೊದಲು ಎತ್ತಿನ ಬಾಯಿಗೆ ಇಡುತ್ತಾಳೆ. ಸಂಜೆ ಕರಿ ಹರಿಯುತ್ತದೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಜೀವವಿರುವ ಎತ್ತು ಸಾಲದೆಂಬಂತೆ ಮಣ್ಣಿನಿಂದಲೂ ಎತ್ತು ಮಾಡಿ ಜಗುಲಿಯ ಮೇಲಿಟ್ಟು ಪೂಜಿಸುತ್ತೇವೆ. ‘ಬಸವ’ ಎಂಬ ಹೆಸರೇ ‘ವೃಷಭ’ ಶಬ್ದದಿಂದ ಬಂದುದು. ಆ ಹೆಸರನ್ನು ನಮ್ಮ ಮಕ್ಕಳಿಗೆ ಇಟ್ಟಿದ್ದೇವೆ, ಓಣಿಗಳಿಗೆ ಇಟ್ಟಿದ್ದೇವೆ, ಸಹಕಾರಿ ಸಂಘಗಳಿಗೂ ಇಟ್ಟಿದ್ದೇವೆ. ಇಷ್ಟೆಲ್ಲ ಭಕ್ತಿಯುಳ್ಳ ನಾವು, ಹೊಳೆ ಉಕ್ಕಿದ ರಾತ್ರಿ ಆ ಬಸವನನ್ನು ಎಲ್ಲಿ ಬಿಟ್ಟು ಬರುತ್ತೇವೆ? ಗೂಟದಲ್ಲಿ, ಕಟ್ಟಿದ ಹಗ್ಗದ ಸಮೇತ.

ಮಾತು ಕಠೋರವಾಯಿತೆಂದು ಮುನಿಯಬೇಡಿರಿ. ಕಣ್ಣಿನಿಂದ ಕಂಡುದನ್ನು ಹೇಳುತ್ತಿದ್ದೇನೆ. 2019ರ ಆಗಸ್ಟ್ ತಿಂಗಳಿನಲ್ಲಿ, ನಾಗರಪಂಚಮಿಯ ಆಸುಪಾಸಿನಲ್ಲಿ, ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ನದೀತೀರದ ಊರುಗಳನ್ನು ಮುಳುಗಿಸಿದ್ದನ್ನು ನೀವಾರೂ ಮರೆತಿರಲಾರಿರಿ. ನೀರು ಇಳಿದ ಮೇಲೆ ಮೇವಿನ ಗಾಡಿಯೊಂದರ ಜೊತೆಯಲ್ಲಿ ಮಲಪ್ರಭೆಯ ದಂಡೆಯ ಒಂದು ಊರಿಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅಂಥ ಊರುಗಳು ಹಲವು. ಒಬ್ಬ ಹಿರಿಯ ಒಕ್ಕಲಿಗ ತನ್ನ ದನದ ಕೊಟ್ಟಿಗೆಯನ್ನು ತೋರಿಸಿದ. ಸೂರಿನವರೆಗೆ ಕೆಸರಿನ ಗೆರೆ. ಐದು ಗೂಟಗಳು. ಎರಡು ಬರಿದಾಗಿದ್ದವು. ಉಳಿದ ಮೂರಕ್ಕೆ ಹಗ್ಗ ಇನ್ನೂ ಬಿಗಿದುಕೊಂಡೇ ಇತ್ತು. ದನಗಳನ್ನು ಮಾತ್ರ ಹಿಂದಿನ ದಿನ ಎಳೆದು ಹೊರಹಾಕಿದ್ದರು.

“ಬಿಚ್ಚಾಕ ಹೋದೆ, ಮಾಸ್ತರ. ಗಂಟು ನೀರಾಗ ಬಿಗಿದಿತ್ತು. ನನಗ ಎದಿಮಟ ನೀರು. ಕುಡಗೋಲು ಅಟ್ಟದ ಮ್ಯಾಲ ಇತ್ತು. ಎರಡು ಬಿಚ್ಚಿದೆ. ಉಳಿದದ್ದು ಆಗಲಿಲ್ಲ” ಎಂದ. ಬಿಚ್ಚಿದ ಆ ಎರಡು ಎಲ್ಲಿ ಎಂದು ಕೇಳಿದೆ. ಎರಡು ದಿನಗಳಾದ ಮೇಲೆ ಪಕ್ಕದ ಊರಿನ ದಿನ್ನೆಯ ಮೇಲೆ ಮೇಯುತ್ತಿದ್ದುವಂತೆ. ತಾವೇ ಈಜಿ ಹೋಗಿದ್ದವು.

ಈ ಎರಡು ಮತ್ತು ಮೂರರ ಲೆಕ್ಕವನ್ನು ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ದನ ಈಜಬಲ್ಲ ಪ್ರಾಣಿ. ಎಮ್ಮೆಯ ಮಾತಂತೂ ಹೇಳುವುದೇ ಬೇಡ. ಕುರಿಯ ಉಣ್ಣೆ ನೀರು ಕುಡಿದು ಭಾರವಾಗಿ ಅದು ಬೇಗ ಸೋಲುತ್ತದೆ, ನಿಜ. ಆದರೆ ಎತ್ತು, ಆಕಳು, ಎಮ್ಮೆಗಳು ನೆರೆಯಲ್ಲಿ ಸತ್ತುವೆಂದು ನಾವು ಹೇಳುವಾಗ, ಅವುಗಳಲ್ಲಿ ಎಷ್ಟೋ ಸತ್ತದ್ದು ನೀರಿನಿಂದಲ್ಲ, ನಮ್ಮ ಹಗ್ಗದಿಂದ. ಹಿಂದೆ ನಾರಿನ ಹಗ್ಗವಿತ್ತು. ನೆನೆದರೆ ಉಬ್ಬಿ ಗಂಟು ಕಲ್ಲಾಗುತ್ತಿತ್ತು, ಆದರೂ ಜಗ್ಗಾಡಿದರೆ ಒಮ್ಮೊಮ್ಮೆ ಹರಿಯುತ್ತಿತ್ತು. ಈಗ ನೈಲಾನ್ ಹಗ್ಗ, ಕಬ್ಬಿಣದ ಸರಪಳಿ. ಆನೆಯೂ ಹರಿಯಲಾರದ್ದನ್ನು ಸಂತೆಯಲ್ಲಿ ಆರಿಸಿ ತರುತ್ತೇವೆ. ಮನೆ ಕಾಯಲೆಂದು ನಾಯಿಯನ್ನು ಸರಪಳಿಯಲ್ಲಿಯೇ ಬಿಟ್ಟು ಬಾಗಿಲಿಗೆ ಕೀಲಿ ಹಾಕಿ ಹೊರಡುವವರಿದ್ದಾರೆ. ಯಾವ ಕಳ್ಳನು ಎದೆಮಟ್ಟದ ನೀರಿನಲ್ಲಿ ಬರುತ್ತಾನೆಂದೋ ತಿಳಿಯದು! ಕೋಳಿಯ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಕಲ್ಲು ಹೇರಿದ್ದನ್ನೂ ಕಂಡಿದ್ದೇನೆ.

ಇದನ್ನು ಹೇಳಿದೊಡನೆ ಕೇಳಿಬರುವ ಮೊದಲನೆಯ ಉತ್ತರ: “ಏನು ಮಾಡುವುದು, ದೈವೇಚ್ಛೆ.” ಬಂಧುಗಳೇ, ದೈವದ ಮೇಲೆ ಹಾಕುವ ಮೊದಲು ನಮ್ಮ ನದಿಗಳ ಸ್ಥಿತಿಯನ್ನಷ್ಟು ನೋಡೋಣ. ಕೃಷ್ಣೆಯ ನೀರು ಆಕಾಶದಿಂದ ನೇರವಾಗಿ ನಮ್ಮ ಊರಿನ ಮೇಲೆ ಬೀಳುವುದಿಲ್ಲ. ಮಹಾರಾಷ್ಟ್ರದ ಕೊಯ್ನಾ, ರಾಧಾನಗರಿ ಜಲಾಶಯಗಳ ಬಾಗಿಲು ತೆರೆದರೆ ಆ ನೀರು ಚಿಕ್ಕೋಡಿ, ಅಥಣಿ, ಜಮಖಂಡಿಯ ಕಡೆಗೆ ಹರಿದುಬರಬೇಕು. ಘಟಪ್ರಭೆಗೆ ಹಿಡಕಲ್ ಅಣೆಕಟ್ಟು ಇದೆ, ಮಲಪ್ರಭೆಗೆ ನವಿಲುತೀರ್ಥದ ಅಣೆಕಟ್ಟು ಇದೆ. ಎಷ್ಟು ಕ್ಯುಸೆಕ್ಸ್ ಬಿಟ್ಟರೆಂಬುದನ್ನು ಪತ್ರಿಕೆಗಳು ಬರೆಯುತ್ತವೆ, ಆಕಾಶವಾಣಿ ಹೇಳುತ್ತದೆ, ಈಗ ಪ್ರತಿಯೊಬ್ಬನ ಜೇಬಿನ ಮೊಬೈಲಿಗೂ ಬರುತ್ತದೆ. ಡಂಗುರ ಸಾರಿದ ಮೇಲೆಯೂ ಗಂಟೆಗಟ್ಟಲೆ ಸಮಯ ಉಳಿದಿರುತ್ತದೆ. ಆ ಗಂಟೆಗಳಲ್ಲಿ ನಾವು ಮಾಡುವುದೇನು? ಸೇತುವೆಯ ಮೇಲೆ ನಿಂತು ನೀರು ನೋಡುತ್ತೇವೆ. ಬೆಣ್ಣಿಹಳ್ಳದಂಥ ಹಳ್ಳಗಳ ಮಾತು ಬೇರೆ. ಅವು ಹೇಳದೆ ಕೇಳದೆ ಏರುತ್ತವೆ. ಆದರೆ ಹೇಳದೆ ಏರುವ ಹಳ್ಳದ ಪಕ್ಕದಲ್ಲಿ ಇರುವವನಿಗೆ ಸಿದ್ಧತೆ ಇಮ್ಮಡಿ ಬೇಕಲ್ಲವೆ? 2009ರಲ್ಲಿ ದಸರೆ ಮುಗಿಯುತ್ತಿದ್ದಂತೆಯೇ, ಮಳೆಗಾಲ ಹೋಯಿತೆಂದು ಎಲ್ಲರೂ ನಿಶ್ಚಿಂತರಾಗಿದ್ದ ಹೊತ್ತಿನಲ್ಲಿ ಮಹಾಪೂರ ಬಂತು. 2019ರಲ್ಲಿ ಮತ್ತೆ ಬಂತು, 2021ರ ಜುಲೈಯಲ್ಲಿ ಕೃಷ್ಣೆ ಮತ್ತೊಮ್ಮೆ ಏರಿದಳು. ಇಷ್ಟು ಸಲ ಹೇಳಿ ಬರುವ ಅತಿಥಿಯನ್ನು ‘ಅನಿರೀಕ್ಷಿತ’ ಎಂದು ಕರೆಯಲು ನಮಗೆ ನಾಚಿಕೆಯಾಗಬೇಕು.

ಎರಡನೆಯ ಉತ್ತರ ಇದಕ್ಕಿಂತ ಗಂಭೀರವಾದುದು, ಒಳ್ಳೆಯವರ ಬಾಯಿಂದಲೂ ಬರುವಂಥದು. “ಮೊದಲು ಮನುಷ್ಯರು, ಆಮೇಲೆ ದನ. ಮಕ್ಕಳನ್ನು ಹೊತ್ತುಕೊಂಡು ಹೋಗುವ ಹೊತ್ತಿನಲ್ಲಿ ಎಮ್ಮೆಯ ಚಿಂತೆ ಯಾರಿಗೆ?” ಎಂದು ಕೇಳುತ್ತಾರೆ. ಚಿಂತೆ ಯಾರಿಗೆ ಎಂಬುದನ್ನು ದೋಣಿಯವರನ್ನು ಕೇಳಿರಿ. ಪ್ರತಿ ಮಹಾಪೂರದಲ್ಲಿಯೂ ದೋಣಿ ಹತ್ತಲೊಲ್ಲದೆ ಮಾಳಿಗೆಯ ಮೇಲೆ ಕುಳಿತವರಿರುತ್ತಾರೆ. ಅವರು ಹಟಮಾರಿಗಳಲ್ಲ. ಕೆಳಗೆ ಅವರ ಎಮ್ಮೆ ಕಟ್ಟಿರುತ್ತದೆ. ಆ ಎಮ್ಮೆಯ ಹಾಲಿನಿಂದ ಮೊಮ್ಮಗಳ ಶಾಲೆ ನಡೆಯುತ್ತಿರುತ್ತದೆ, ಎಮ್ಮೆಯ ಮೇಲಿನ ಸಾಲ ಇನ್ನೂ ತೀರಿರುವುದಿಲ್ಲ. ಕುರಿಮಂದೆಯೊಂದಿಗೆ ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಕುರಿಗಾರರ ಸುದ್ದಿಯನ್ನು ಕೃಷ್ಣೆ ಉಕ್ಕಿದ ವರ್ಷಗಳಲ್ಲಿ ಓದಿದ್ದೇವೆ. ಪಾರಾಗಿ ಬಂದವನು ದನ ಬಿಚ್ಚಲೆಂದು ಮತ್ತೆ ನೀರಿಗೆ ಇಳಿಯುತ್ತಾನೆ. ಅಲ್ಲಿ ಮನುಷ್ಯನ ಪ್ರಾಣವೂ ಹೋಗುತ್ತದೆ. ಆದ್ದರಿಂದ ದನವನ್ನು ಮೊದಲೇ ಎತ್ತರಕ್ಕೆ ಸಾಗಿಸುವುದು ಮನುಷ್ಯನನ್ನು ಬದಿಗಿಟ್ಟು ಮಾಡುವ ಕೆಲಸವಲ್ಲ, ಮನುಷ್ಯನನ್ನು ಉಳಿಸುವ ಕೆಲಸವೇ ಆಗಿದೆ.

ದೂರದ ಅಮೆರಿಕೆಯವರಿಗೂ ಈ ಪಾಠ ಪೆಟ್ಟು ತಿಂದೇ ತಿಳಿಯಿತು. 2005ರಲ್ಲಿ ಕತ್ರಿನಾ ಎಂಬ ಚಂಡಮಾರುತ ಬಂದಾಗ, ಸಾಕಿದ ನಾಯಿ ಬೆಕ್ಕುಗಳನ್ನು ಬಿಟ್ಟು ಬರಲಾರೆವೆಂದು ಅನೇಕರು ಮುಳುಗುವ ಮನೆಗಳಲ್ಲಿಯೇ ಉಳಿದರು. ಮರುವರ್ಷ, 2006ರಲ್ಲಿ, ವಿಪತ್ತಿನ ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಸ್ಥಾನವಿರಲೇಬೇಕೆಂದು ಅಲ್ಲಿ ಕಾನೂನು ಮಾಡಿದರು. ನಮಗಿಂತ ಬಡದೇಶವಾಗಿದ್ದ ಬಾಂಗ್ಲಾದ ಉದಾಹರಣೆ ಇನ್ನೂ ಹತ್ತಿರದ್ದು. 1970ರ ನವೆಂಬರಿನ ಚಂಡಮಾರುತದಲ್ಲಿ ಲಕ್ಷಾಂತರ ಜನ ಸತ್ತ ಬಳಿಕ, ಕರಾವಳಿಯ ಬಯಲಿನಲ್ಲಿ ಮಣ್ಣು ಒಟ್ಟಿ ಎತ್ತರದ ದಿಬ್ಬಗಳನ್ನು ಕಟ್ಟಿದರು. ನೀರು ಏರಿದಾಗ ಜನವೂ ದನವೂ ಹತ್ತಿ ನಿಲ್ಲಲೆಂದು ಮಾಡಿದ ಆ ದಿಬ್ಬಕ್ಕೆ ಅವರು ಇಟ್ಟ ಹೆಸರು ‘ಕಿಲ್ಲಾ’. ಕಿಲ್ಲೆ ಎಂದರೆ ಕೋಟೆಯೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಅರಸನಿಗಲ್ಲ, ಆಕಳಿಗಾಗಿ ಕಟ್ಟಿದ ಕೋಟೆ! ನಮ್ಮಲ್ಲಿ ಪರಿಹಾರ ಕೇಂದ್ರವೆಂದರೆ ಶಾಲೆಯ ಕೋಣೆಗಳು. ಅಲ್ಲಿ ಅನ್ನವಿದೆ, ಹೊದಿಕೆಯಿದೆ. ಜೊತೆಯಲ್ಲಿ ಬಂದ ದನವನ್ನು ಎಲ್ಲಿ ಕಟ್ಟಬೇಕು ಎಂದು ಕೇಳಿದರೆ ಉತ್ತರ ಕೊಡುವವರು ಸಿಗುವುದು ಅಪರೂಪ.

ಮೂರನೆಯದು ಪರಿಹಾರಧನದ ಭರವಸೆ. ಇದು ಈಚಿನ ರೋಗ. 2022–23ರಿಂದ 2025–26ರವರೆಗಿನ ಅವಧಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ದರ ಹೀಗಿದೆ: ಹಾಲು ಕೊಡುವ ಎಮ್ಮೆ ಅಥವಾ ಆಕಳಿಗೆ 37,500 ರೂಪಾಯಿ, ಉಳುವ ಎತ್ತಿಗೆ 32,000, ಕುರಿ ಆಡಿಗೆ 4,000. ಈ ಹಣ ಹಿಡಿದು ದನದ ಸಂತೆಗೆ ಹೋಗಿ ಒಂದು ಒಳ್ಳೆಯ ಎತ್ತನ್ನು ಕೇಳಿ ನೋಡಿರಿ. ದಲಾಲಿಯವನು ಟವಲಿನ ಕೆಳಗೆ ನಿಮ್ಮ ಕೈಬೆರಳನ್ನೂ ಹಿಡಿಯಲಾರ. ಅದೂ ಸುಮ್ಮನೆ ಬರುವ ಹಣವಲ್ಲ. ಸತ್ತದ್ದನ್ನು ಅಧಿಕಾರಿಗಳು ದೃಢೀಕರಿಸಬೇಕು. ಹೊಳೆಯೇ ಒಯ್ದ ಎತ್ತಿನ ಕಳೇಬರವನ್ನು ಎಲ್ಲಿಂದ ತಂದು ತೋರಿಸುವುದು? ಕಿವಿಯಲ್ಲಿ ಓಲೆಯಿಲ್ಲ, ಕೈಯಲ್ಲಿ ಭಾವಚಿತ್ರವಿಲ್ಲ, ಪಶುವೈದ್ಯರ ಪುಸ್ತಕದಲ್ಲಿ ಹೆಸರಿಲ್ಲ. ಅಂಥವನು ಕಚೇರಿಯಿಂದ ಕಚೇರಿಗೆ ಅಲೆದು ಕೊನೆಗೆ ಸರ್ಕಾರವನ್ನು ಬೈದು ಸುಮ್ಮನಾಗುತ್ತಾನೆ. ಸರ್ಕಾರವನ್ನು ಬೈಯಬೇಕಾದ ಸಂದರ್ಭಗಳು ಬೇಕಾದಷ್ಟಿವೆ, ಒಪ್ಪುತ್ತೇನೆ. ಆದರೆ ಅಟ್ಟದ ಮೇಲಿನ ಕುಡುಗೋಲನ್ನು ಕೊಟ್ಟಿಗೆಯ ಬಾಗಿಲಿಗೆ ತಂದು ಸಿಕ್ಕಿಸಲು ಯಾವ ಸರ್ಕಾರದ ಆದೇಶ ಬೇಕು?

ಹೌದು, ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಮಳೆಗಾಲದ ನಾಲ್ಕು ತಿಂಗಳು ನದೀತೀರದ ಪ್ರತಿ ಕೊಟ್ಟಿಗೆಯ ಬಾಗಿಲಿನಲ್ಲಿ, ಕತ್ತಲೆಯಲ್ಲಿಯೂ ಕೈಗೆ ಸಿಗುವಂತೆ, ಹರಿತವಾದ ಕುಡುಗೋಲೊಂದು ಇರಬೇಕು. ಗೂಟಕ್ಕೆ ಹಾಕುವ ಗಂಟು ಒಂದು ತುದಿ ಜಗ್ಗಿದೊಡನೆ ಬಿಚ್ಚಿಕೊಳ್ಳುವಂಥದಾಗಿರಬೇಕು. ಅದನ್ನು ಹಾಕಲು ಹಿರಿಯರಿಗೆ ಬರುತ್ತದೆ, ಹುಡುಗರಿಗೆ ಕಲಿಸಿಲ್ಲ. ಮನೆಯ ಹೆಣ್ಣುಮಕ್ಕಳಿಗೂ ಕಲಿಸಿರಿ, ಏಕೆಂದರೆ ಗಂಡಸರು ದೂರದ ಹೊಲದಲ್ಲಿಯೋ ದುಡಿಯಲು ಗೋವೆಯಲ್ಲಿಯೋ ಇರುವಾಗಲೇ ನೀರು ಬರುವುದುಂಟು. ಸರಪಳಿಯನ್ನು ಮಳೆಗಾಲದಲ್ಲಿ ತೆಗೆದಿಡಿರಿ. ಡಂಗುರ ಕೇಳಿದ ಹೊತ್ತಿಗೇ, ಹಗಲಿರುವಾಗಲೇ, ದನಗಳನ್ನು ನಡೆಸಿಕೊಂಡು ಹೊರಡಿರಿ. ಮೊಣಕಾಲುದ್ದದ ನೀರು ಹರಿಯತೊಡಗಿದ ಮೇಲೆ ಕತ್ತಲೆಯಲ್ಲಿ ದನ ಹೆಜ್ಜೆ ಕೀಳುವುದಿಲ್ಲ, ಬಾಲ ತಿರುವಿದರೂ ಇಲ್ಲ; ದೋಣಿಗೆ ಹತ್ತಿಸುವ ಪ್ರಾಣಿಯಂತೂ ಅದಲ್ಲ. ಹೊರಡಲು ಯಾವ ದಾರಿಯೂ ಉಳಿಯದಿದ್ದರೆ, ಕಡೆಯ ಪಕ್ಷ ಎಲ್ಲವನ್ನೂ ಬಿಚ್ಚಿ, ಕೊಟ್ಟಿಗೆಯ ಬಾಗಿಲನ್ನು ತೆರೆದಿಟ್ಟು, ಕೋಳಿಯ ಬುಟ್ಟಿಯನ್ನು ಮಗುಚಿ, ನಾಯಿಯ ಸರಪಳಿ ಕಳಚಿ ಬನ್ನಿರಿ. ಬದುಕುವ ಬುದ್ಧಿಯನ್ನು ಅವುಗಳಿಗೂ ಕೊಟ್ಟೇ ಕಳುಹಿಸಲಾಗಿದೆ.

ಎಲ್ಲಿಗೆ ಹೊರಡಬೇಕು ಎಂಬುದು ಊರಿನವರೆಲ್ಲ ಕೂಡಿ ಮೊದಲೇ ತೀರ್ಮಾನಿಸಬೇಕಾದ ಸಂಗತಿ. ಪ್ರತಿ ಊರಿನಲ್ಲಿಯೂ ನೀರು ಮುಟ್ಟದ ದಿನ್ನೆ ಯಾವುದೆಂದು ಅಜ್ಜಂದಿರಿಗೆ ಗೊತ್ತಿದೆ. ಅದು ಯಾರದೋ ಹೊಲವಾಗಿರಬಹುದು. ಆ ಹೊಲದವನನ್ನು ಬೇಸಗೆಯಲ್ಲಿ ಕೇಳಿ ಒಪ್ಪಿಸಿರಬೇಕು, ಮಳೆಯಲ್ಲಿ ಜಗಳ ಮಾಡುವುದಲ್ಲ. ಅಲ್ಲಿ ನೀರು, ನೆರಳು, ಮೇವು ಇರಬೇಕು. ಮೇವಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಆದ್ದರಿಂದ ನಾನೇ ಹಾಕುತ್ತೇನೆ. ಒಂದು ದೊಡ್ಡ ದನಕ್ಕೆ ಪ್ರಾಣ ಉಳಿಯುವಷ್ಟು ಎಂದರೂ ದಿನಕ್ಕೆ ಆರು ಕಿಲೋ ಒಣಮೇವು ಬೇಕು. ನೂರು ದನಗಳಿಗೆ ಹತ್ತು ದಿನಕ್ಕೆ ಆರು ಟನ್ನು. ಇದು ಆ ಗಳಿಗೆಯಲ್ಲಿ ಹುಟ್ಟುವ ವಸ್ತುವಲ್ಲ. ಆದರೆ ನಮ್ಮ ಬಣವೆಗಳೆಲ್ಲ ಎಲ್ಲಿವೆ? ಹೊಳೆಯ ದಂಡೆಯ ಕಣದಲ್ಲಿ. ಮೊದಲು ತೇಲಿ ಹೋಗುವುದೇ ಅದು. ಮನೆಗೆ ಒಂದು ಹೊರೆಯಂತೆ ಕಣಿಕೆಯನ್ನು ಮೃಗಶಿರ ಮಳೆಗಿಂತ ಮೊದಲು ದಿನ್ನೆಗೆ ಸಾಗಿಸಿದರೆ ಊರಿನ ಪಾಲಿನ ಆರು ಟನ್ನು ತಾನಾಗಿಯೇ ಕೂಡುತ್ತದೆ. ಮಹಾಪೂರ ಬಾರದಿದ್ದರೆ ಹಿಂಗಾರಿನಲ್ಲಿ ಹಂಚಿಕೊಂಡು ಹೋಗಬಹುದು.

ಇನ್ನು ಗಳಲೆ ರೋಗಕ್ಕೂ ಚಪ್ಪೆ ರೋಗಕ್ಕೂ ಲಸಿಕೆಯನ್ನು ಮಳೆ ಹಿಡಿಯುವುದಕ್ಕೆ ಮುಂಚೆ ಹಾಕಿಸಬೇಕೆಂಬುದನ್ನು ಪಶುವೈದ್ಯರು ವರ್ಷ ವರ್ಷವೂ ಹೇಳುತ್ತಾರೆ. ‘ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆ’ ಎಂದು ದನವನ್ನು ಹಿತ್ತಲಿನಲ್ಲಿ ಅಡಗಿಸುವವರು ನಮ್ಮಲ್ಲಿಯೇ ಇದ್ದಾರೆ. 2022ರಲ್ಲಿ ಚರ್ಮಗಂಟು ರೋಗ ಬಂದು ಮೈಯೆಲ್ಲ ಗಂಟೆದ್ದ ಎತ್ತುಗಳನ್ನು ನೋಡಿ ಅತ್ತವರಲ್ಲಿ ಅವರೂ ಇದ್ದರು. ಹನ್ನೆರಡು ಅಂಕಿಗಳ ಕಿವಿಯೋಲೆಯನ್ನು ಹಾಕಿಸಿಕೊಳ್ಳಿರಿ. ಚೆದುರಿದ ದನ ಯಾರದೆಂದು ತಿಳಿಯುವುದಕ್ಕೂ, ಸತ್ತರೆ ಸಾಕ್ಷಿಗೂ ಅದೇ ಆಧಾರ. ಪಶು ಚಿಕಿತ್ಸೆಯ ವಾಹನವನ್ನು ಕರೆಯಲು 1962 ಎಂಬ ಸಂಖ್ಯೆಯಿದೆ, ಅದನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಿಂದ ಬರೆಯಿರಿ.

ಬರದ ಮಾತನ್ನು ಇಲ್ಲಿ ವಿಸ್ತರಿಸುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದಾಗ, ಮೇವಿಲ್ಲವೆಂದು ಎತ್ತುಗಳನ್ನು ಸಿಕ್ಕ ಬೆಲೆಗೆ ಕೊಟ್ಟು ಬಂದವರ ಮುಖವನ್ನು ಸಂತೆಯಲ್ಲಿ ಕಂಡವರಿಗೆ, ಮೇವಿನ ಉಗ್ರಾಣ ಏಕೆ ಬೇಕೆಂದು ತಿಳಿಯುತ್ತದೆ. ಒಂದೇ ಎಚ್ಚರಿಕೆ: ನೀರಿಲ್ಲದೆ ಬಾಡಿದ ಎಳೆಯ ಜೋಳದ ಪೈರಿನಲ್ಲಿ ವಿಷವಿರುತ್ತದೆ, ಹಸಿದ ದನವನ್ನು ಅದರೊಳಗೆ ಬಿಡಬೇಡಿರಿ. ಮಹಾಪೂರ ಇಳಿದ ಮೇಲೂ ಇಂಥದೇ ತಪ್ಪು ನಡೆಯುತ್ತದೆ. ನೆನೆದು ಹಾಳಾದ ಜೋಳ, ಗೋವಿನಜೋಳವನ್ನು ಚೆಲ್ಲುವುದೇಕೆಂದು ಹಸಿದ ದನದ ಮುಂದೆ ಸುರಿಯುತ್ತಾರೆ. ನೀರಿನಿಂದ ಪಾರಾದ ಎತ್ತು ಕಾಳು ತಿಂದು ಸಾಯುತ್ತದೆ.

ಸತ್ತ ದನಗಳ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋದರೆ ತಪ್ಪಾದೀತು. ಬದುಕಿದಾಗ ಅದು ಬಸವಣ್ಣ; ಸತ್ತು ಉಬ್ಬಿ ನಾರತೊಡಗಿದಾಗ ನಾವು ಊರಿನ ಒಂದೇ ಕೇರಿಯತ್ತ ಬೆರಳು ತೋರಿಸುತ್ತೇವೆ. ಆ ಕೇರಿಯ ಮನೆಗಳೂ ಮುಳುಗಿರುತ್ತವೆ, ಅವರ ಆಡುಗಳೂ ಸತ್ತಿರುತ್ತವೆ. ಆದರೂ ಕಳೇಬರ ಎಳೆಯಲು ಅವರೇ ಬರಬೇಕು! ಜಾತಿಯ ಗೋಡೆಯನ್ನು ಒಡೆದವರ ವಾರಸುದಾರರೆಂದು ಹೇಳಿಕೊಳ್ಳುವ ನಮಗೆ ಇದು ಒಪ್ಪುವ ಮಾತೆ? ಆಳವಾದ ಕುಣಿ ತೋಡಿ, ಸುಣ್ಣ ಹಾಕಿ ಹೂಳುವ ಕೆಲಸ ದನ ಸಾಕಿದ ಪ್ರತಿಯೊಬ್ಬನ ಕಾಯಕ. ಇಂದು ಜೆ.ಸಿ.ಬಿ. ಯಂತ್ರವಿದೆ, ಅದನ್ನು ತರಿಸಲು ಗ್ರಾಮ ಪಂಚಾಯತಿಯಿದೆ. ಹೊಳೆಗೆ ಎಸೆಯುವುದು ಕೆಳಗಿನ ಊರಿನವರಿಗೆ ಮಾಡುವ ದ್ರೋಹ. ನೆರಡಿ ರೋಗದಿಂದ ಸತ್ತಿರಬಹುದೆಂಬ ಸಂಶಯವಿದ್ದರೆ ಕಳೇಬರವನ್ನು ಕೊಯ್ಯುವಂತೆಯೇ ಇಲ್ಲ. ಆ ರೋಗ ಮನುಷ್ಯರಿಗೂ ತಗಲುತ್ತದೆ.

ಕೊನೆಗೆ ನಮ್ಮ ಮಠಗಳ ಮಾತು. ಮಠದ ಪತ್ರಿಕೆಯಲ್ಲಿ ಮಠವನ್ನು ಕುರಿತು ಹೇಳಲು ಸಂಕೋಚವಿದೆ. ಆದರೂ ನಮ್ಮ ಮನೆಯ ದೀಪವೆಂದು ಮುತ್ತಿಟ್ಟರೆ ಸುಡದಿರುವುದಿಲ್ಲ. ಮಹಾಪೂರ ಬಂದಾಗಲೆಲ್ಲ ನಮ್ಮ ಮಠಗಳು ಬಾಗಿಲು ತೆರೆದು ಅನ್ನ ನೀಡಿವೆ. ಆ ದಾಸೋಹಕ್ಕೆ ತಲೆಬಾಗುತ್ತೇನೆ. ಆದರೆ ದಾಸೋಹದ ಪಂಕ್ತಿ ದನದವರೆಗೆ ಏಕೆ ಮುಟ್ಟಿಲ್ಲ? ನಮ್ಮ ಎಷ್ಟೋ ಮಠಗಳು ಊರಿನ ಎತ್ತರದ ಜಾಗದಲ್ಲಿವೆ. ಹೊಲವಿದೆ, ಬಾವಿಯಿದೆ, ಟ್ರ್ಯಾಕ್ಟರ್ ಇದೆ, ಜಾತ್ರೆಯ ಮೈದಾನವಿದೆ. ಸಾವಿರಾರು ಜನ ಸೇರುವ ಜಾತ್ರೆಗೆ ಒಂದು ವಾರದಲ್ಲಿ ಚಪ್ಪರ, ನೀರು, ದೀಪಗಳ ವ್ಯವಸ್ಥೆ ಮಾಡಬಲ್ಲ ಕಮಿಟಿಗೆ ಇನ್ನೂರು ದನಗಳಿಗೆ ಗೂಟ ಹೊಡೆಯುವುದು ಭಾರವೆ? ಬೆಳ್ಳಿಯ ನಂದಿಗೆ ಕಾಣಿಕೆ ಕೊಡುವ ಭಕ್ತರಿದ್ದಾರೆ. ಅವರಲ್ಲಿ ಒಬ್ಬರಾದರೂ ಹತ್ತು ಗಾಡಿ ಕಣಿಕೆಯನ್ನು ಕಾಣಿಕೆಯಾಗಿ ತಂದು ಒಟ್ಟಲಿ, ಅವರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸೋಣ. ಪೂಜೆಯನ್ನು ಬಿಡಿರಿ ಎಂದು ನಾನು ಹೇಳುತ್ತಿಲ್ಲ. ಮಣ್ಣೆತ್ತಿಗೆ ಜಗುಲಿಯ ಎತ್ತರವನ್ನು ಕೊಟ್ಟವರು ಜೀವಂತ ಎತ್ತಿಗೆ ದಿನ್ನೆಯ ಎತ್ತರವನ್ನು ಕೊಡಿರಿ ಎಂದಷ್ಟೇ ಕೇಳುತ್ತಿದ್ದೇನೆ.

ಹಬ್ಬದ ದಿನವೇ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಕಾರಹುಣ್ಣಿಮೆ ಬರುವುದು ಜ್ಯೇಷ್ಠದಲ್ಲಿ, ನಮ್ಮ ನದಿಗಳು ಏರುವುದು ಆಷಾಢ ಶ್ರಾವಣಗಳಿಂದ ಮುಂದೆ. ಅಂದು ಊರಿನ ಎತ್ತುಗಳೆಲ್ಲ ಒಂದೇ ಕಡೆ ಕೂಡಿರುತ್ತವೆ, ಮಾಲೀಕರೂ ಮನೆಯಲ್ಲಿರುತ್ತಾರೆ. ಮೈತೊಳೆಯುವಾಗ ಕಿವಿಯೋಲೆ ಇದೆಯೇ ನೋಡಿರಿ, ಹಳೆಯ ಹಗ್ಗ ತೆಗೆದು ಹೊಸದನ್ನು ಹಾಕುವ ರೂಢಿ ಹೇಗೂ ಇದೆ, ಆ ಹೊಸ ಹಗ್ಗಕ್ಕೆ ಬಿಚ್ಚುವ ಗಂಟನ್ನು ಹಾಕಿರಿ. ಊರಿನಲ್ಲಿ ಎತ್ತು ಎಷ್ಟು, ಎಮ್ಮೆ ಎಷ್ಟು, ಕುರಿ ಎಷ್ಟು, ಬಸುರಿ ದನ ಯಾವುವು, ದನ ಹೊಡೆಯಲಾರದ ಮುದುಕರು ಯಾರ ಮನೆಯಲ್ಲಿದ್ದಾರೆ, ಅವರ ದನಗಳನ್ನು ಯಾವ ಹುಡುಗ ಹೊಡೆದುಕೊಂಡು ಹೋಗಬೇಕು ಎಂಬುದನ್ನು ಒಂದು ವಹಿಯಲ್ಲಿ ಬರೆದು ಮಠದಲ್ಲಿ ಒಂದು ಪ್ರತಿ, ಪಂಚಾಯತಿಯಲ್ಲಿ ಒಂದು ಪ್ರತಿ ಇಡಿರಿ. ಕರಿ ಹರಿಯಲೆಂದು ಎತ್ತುಗಳನ್ನು ಓಡಿಸುತ್ತೀರಲ್ಲ, ಈ ಸಲ ಆ ದಿನ್ನೆಯ ಕಡೆಗೇ ಓಡಿಸಿರಿ. ದಾರಿ ಅವುಗಳಿಗೂ ಪರಿಚಯವಾಗಲಿ. ಹಾಗೆ ಮಾಡಿದ ಊರಿನವರು ತಮ್ಮ ದಿನ್ನೆಯ ಹೆಸರು, ಕೂಡಿಸಿದ ಮೇವಿನ ಲೆಕ್ಕ, ಎದುರಾದ ಅಡಚಣೆ ಇವುಗಳನ್ನು ಒಂದು ಕಾಗದದಲ್ಲಿ ಬರೆದು ಈ ಪತ್ರಿಕೆಯ ಸಂಪಾದಕರಿಗೆ ಕಳುಹಿಸಿರಿ. ಶ್ರಾವಣದ ಸಂಚಿಕೆಯಲ್ಲಿ ಊರು ಊರಿನ ಹೆಸರು ಹಾಕಿ ಅಚ್ಚು ಮಾಡಲು ಅವರು ಒಪ್ಪಿದ್ದಾರೆ.